ಮಾವನ ಒಸಡಿಗೆ ಬಂದ ಅಂಕಗಳು

ನಮ್ಮ ಸೋದರಮಾವನನ್ನು ವಾದದಲ್ಲಿ ಸೋಲಿಸಿದ್ದು ಇಡೀ ಜಗತ್ತಿನಲ್ಲಿ ಒಂದೇ ಒಂದು, ಅವರದೇ ಒಸಡು! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದ ನಾನೇ ಅವರೆದುರು ಎಷ್ಟೋ ಸಲ ಮಣ್ಣು ಮುಕ್ಕಿದ್ದೇನೆ. ಅವರು ನಿವೃತ್ತ ಗಣಿತದ ಮೇಷ್ಟರು. ನೂರಕ್ಕೆ ಮೂವತ್ತೈದು ಕೊಡುವಾಗಲೂ ಕೈ ನಡುಗುತ್ತಿತ್ತಂತೆ.

ಅವರ ಮನೆಯಿದ್ದ ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆ ಬಯಲಿಗೆಲ್ಲ ಕೆಂಪಗೆ ಎಲೆಅಡಿಕೆ ಉಗುಳುತ್ತಾ ಮಾವ ಹೇಳುತ್ತಿದ್ದರು: "ಅರವತ್ತಾಯ್ತು ಕಣೋ. ಒಂದು ಹಲ್ಲಿಗೂ ಡಾಕ್ಟರ ಕೈ ಸೋಕಿಲ್ಲ." ಎಲ್ಲರೂ ನಂಬಿದ್ದರು. ಎಲ್ಲರೂ ನಂಬಿದ್ದನ್ನು ನಾನು ನಂಬುವುದುಂಟೇ?

ಒಂದು ಏಕಾದಶಿ. ಅಂದು ಅವರಿಗೆ ಅನ್ನವೂ ಇಲ್ಲ, ತಾಂಬೂಲವೂ ಇಲ್ಲ. ಸಂಜೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದರು. ನೀರು ಕೆಂಪು!

"ಮಾವ, ಇವತ್ತು ಎಲೆ ಹಾಕಿಲ್ವಲ್ಲ?"

"ನಿನ್ನೇದು ಉಳಿದಿರ್ಬೇಕು ಕಣೋ."

"ಬೆಳಗ್ಗೆಯಿಂದ ನಾಲ್ಕು ಸಲ ಮುಕ್ಕಳಿಸಿದೀರಿ."

"ಲಾಯರ್ ಥರ ಕೇಳ್ಬೇಡ, ಹೋಗು."

ಎಷ್ಟು ವರ್ಷದ ರಕ್ತವೋ, ಎಲೆಅಡಿಕೆಯ ಕೆಂಪಿನ ಹಿಂದೆ ಆರಾಮಾಗಿ ಅಡಗಿ ಕೂತಿತ್ತು. ಮರುವಾರ ಅವರನ್ನು ಬಿನ್ನಿಪೇಟೆಯ ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಒಸಡು ಕೆಟ್ಟಿದ್ರೆ ಹಲ್ಲೆಲ್ಲಾ ಕಿತ್ತಾಕ್ತಾರಂತೆ ಕಣೋ."

"ಕಿತ್ತರೆ ಹೊಸದು ಕಟ್ಟಿಸಿಕೊಂಡರಾಯ್ತು."

"ನಿಮ್ಮತ್ತೆಗೆ ಕಿವಿ ಹೋಗಿ ಎಂಟು ವರ್ಷ. ನನ್ನ ತುಟಿ ನೋಡೇ ಮಾತು ತಿಳ್ಕೊಳ್ತಾಳೆ. ಹಲ್ಲು ಹೋಗಿ ತುಟಿ ಒಳಕ್ಕೆ ಬಿದ್ರೆ, ಅವಳು ಏನು ನೋಡ್ಬೇಕು?"

ಅವರ ಕೈಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದೆ.

ಡಾಕ್ಟರು ಗೆರೆ ಹಾಕಿದ ತೆಳುವಾದ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಸಿಕ್ಕ ಸಂಖ್ಯೆಯನ್ನು ಹೇಳುತ್ತಾ ಹೋದರು. ಬರೆದುಕೊಳ್ಳುವ ಕೆಲಸ ನನ್ನದು. "ಎರಡು. ಮೂರು. ಎರಡು." ಮಾವನ ಹುಬ್ಬು ಗಂಟಿಕ್ಕಿತು. ಹಿಂದಿನ ದವಡೆಯಲ್ಲಿ, "ಐದು. ಆರು." ಬಾಯಿ ತೆರೆದಿದ್ದಂತೆಯೇ ಮುಖ ಅರಳಿತು! ಕಡ್ಡಿ ಹೊರಬಂದದ್ದೇ ತಡ, ಶುರುವಾಯಿತು.

"ಎಷ್ಟಕ್ಕೆ ಆರು, ಸಾರ್? ಮುಂದಿನ ಹಲ್ಲಿಗೆ ಬರೀ ಎರಡು ಕೊಟ್ಟಿದೀರಿ. ಇನ್ನೊಂದ್ಸಲ ನೋಡಿ."

"ಮೇಷ್ಟ್ರೇ, ಇದು ಮಾರ್ಕ್ಸ್ ಅಲ್ಲ, ಒಸಡಿನ ಸಂದಿಯ ಆಳ. ಕಮ್ಮಿ ಬಂದಷ್ಟೂ ಒಳ್ಳೇದು. ಆರು ಬಂದ ಕಡೆ ಒಸಡು ಹಲ್ಲನ್ನ ಬಿಟ್ಕೊಂಡಿದೆ."

ಜೀವಮಾನವಿಡೀ ಹುಡುಗರ ಅಂಕ ಕತ್ತರಿಸಿದವರಿಗೆ ಕಮ್ಮಿ ಅಂಕವೇ ವರವಾಗುವುದು ಯಾವ ನ್ಯಾಯ? ಅದೃಷ್ಟಕ್ಕೆ ಆರು ಬಂದದ್ದು ಎರಡೇ ಕಡೆ. ಡಾಕ್ಟರು ಒಂದೊಂದೇ ಹಲ್ಲನ್ನು ಒತ್ತಿ ಅಲ್ಲಾಡಿಸಿ ನೋಡಿದರು. ಒಂದೂ ಅಲುಗಲಿಲ್ಲ.

"ಬುಡದಲ್ಲಿ ಕಟ್ಟಿರೋ ಪಾಚಿ ಕೆರೆದು ತೆಗೀತೀನಿ. ಎಲೆಅಡಿಕೆ ಬಿಡಿ, ದಿನಾ ಬ್ರಷ್ ಹಾಕಿ. ಕೀಳೋದೇನೂ ಇಲ್ಲ."

ಮಾವ ಅದನ್ನು ಎರಡು ಸಲ ಹೇಳಿಸಿಕೊಂಡರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮಾವ ಚಪ್ಪಲಿಯನ್ನೂ ಬಿಡದೆ ಅವರ ಮುಂದೆ ನಿಂತು, ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಒಂದೂ ಕೀಳಲ್ವಂತೆ."

ಅತ್ತೆ ಆ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಯಾಕೆ ಅಷ್ಟು ಜೋರಾಗಿ ಕೂಗ್ತೀರಿ," ಎಂದರು. "ಕೇಳಿಸ್ತು."