ಎಲೆಕ್ಟ್ರಿಕಲ್ ಅಂಗಡಿಯವರ ಮನೆಯ ಕ್ಯಾಂಡಲ್ ಸ್ಟ್ಯಾಂಡ್

ಊರಿಗೆಲ್ಲ ಬೆಳಕು ಮಾರುವವರ ಮನೆ ಸದಾ ಬೆಳಗುತ್ತಿರುತ್ತದೆ ಎಂದು ನೀವು ನಂಬಿದ್ದರೆ, ಕರೆಂಟು ಹೋದಾಗ ಕೊಟ್ಟೂರಿನ ನಮ್ಮ ಮನೆಗೊಮ್ಮೆ ಬಂದು ನೋಡಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಆ ಬುಡದಲ್ಲಿಯೇ ನನ್ನ ಸಂಸಾರ. ನಮ್ಮ ಮನೆಯವರದು ಬಜಾರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಮನೆಗೆಂದು ಇನ್ವರ್ಟರ್ ಬರುತ್ತಿತ್ತು, ಗೋಡೆಗೆ ಒರಗಿ ಕೂರುತ್ತಿತ್ತು, ನಾನು ಅರಿಷಿಣ ಕುಂಕುಮ ಹಚ್ಚುತ್ತಿದ್ದೆ. ಅಷ್ಟರಲ್ಲಿ ಹಡಗಲಿಯಿಂದಲೋ ಕೂಡ್ಲಿಗಿಯಿಂದಲೋ ಅವಸರದ ಗಿರಾಕಿಯೊಬ್ಬ ಓಡಿ ಬರುತ್ತಿದ್ದ. “ಮನಿಗೆ ಮತ್ತೊಂದು ತರ್ಸಿದ್ರಾತು ಬಿಡು” ಎಂದು ಇವರು ಕುಂಕುಮ ಒರೆಸಿ ಅದನ್ನು ಸಾಗಹಾಕುತ್ತಿದ್ದರು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಬೋರಲು ಹಾಕಿದ ಸ್ಟೀಲ್ ಲೋಟ, ಅದರ ಮೇಲೆ ಮೇಣ ಸುರಿದು ನಿಲ್ಲಿಸಿದ ಕ್ಯಾಂಡಲ್. ಮರುದಿನ ಕೂತು ಆ ಮೇಣ ಕೆರೆಯುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಹಾಗೆ ಕೆರೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ನನಗೆ ರೇಗಿಹೋಯಿತು. ಇನ್ನು ಈ ಮನೆಯಲ್ಲಿ ಕ್ಯಾಂಡಲ್ ಲೋಟದ ಮೇಲೆ ನಿಲ್ಲುವುದಿಲ್ಲ, ಅದಕ್ಕೊಂದು ಸ್ಟ್ಯಾಂಡನ್ನು ನನ್ನ ಕೈಯಾರೆ ಮಾಡುತ್ತೇನೆ ಎಂದು ಸಾರಿಬಿಟ್ಟೆ. ಇವರು ಚಹಾದ ಕಪ್ಪು ಕೆಳಗಿಟ್ಟರು. “ಎಲೆಕ್ಟ್ರಿಕಲ್ ಅಂಗಡಿಯವನ ಹೆಂಡ್ತಿ ಕ್ಯಾಂಡಲ್ ಸ್ಟ್ಯಾಂಡ್ ಮಾಡಾಕ ಹೊಂಟಾಳಂದ್ರ ಬಜಾರದಾಗ ನನ್ನ ಮರ್ಯಾದಿ ಏನಾಗ್ಬೇಕು?” “ಮನ್ಯಾಗ ಇನ್ವರ್ಟರ್ ಇದ್ದಿದ್ರ ನಿಮ್ಮ ಮರ್ಯಾದಿನೂ ಇರ್ತಿತ್ತು ನೋಡ್ರಿ” ಎಂದೆ. ಅತ್ತೆ ನಡುವೆ ಬಾಯಿ ಹಾಕಿದರು: “ಪ್ಯಾಟ್ಯಾಗ ತಗಂಡ್ರ ಮುಗೀತು, ನಿನಗ್ಯಾಕವ್ವ ಮಣ್ಣಿನ ಉಸಾಬರಿ?” ಯಾಕೆಂದು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಈ ಮನೆಗೆ ಬಂದಾಗಿನಿಂದ ನಾನು ಮಾಡಿದ್ದೆಲ್ಲ ಹೊತ್ತು ಮುಳುಗುವುದರೊಳಗೆ ಖಾಲಿ. ರೊಟ್ಟಿ, ಬದನೆಕಾಯಿ ಪಲ್ಯ, ಒಗ್ಗರಣೆ ಮಂಡಕ್ಕಿ, ಎಲ್ಲ. ತಿಂದವರು ಹೊಗಳಿದ್ದಾರೆ, ಇಲ್ಲವೆನ್ನುವುದಿಲ್ಲ, ಆದರೆ ಹೊಗಳಿಕೆಯನ್ನು ಶೋಕೇಸಿನಲ್ಲಿಡಲು ಬರುತ್ತದೆಯೇ? ಯಾರೂ ತಿಂದು ಮುಗಿಸಲಾಗದ ಒಂದೇ ಒಂದು ವಸ್ತುವನ್ನು ಮಾಡಬೇಕೆಂದು ನನಗೆ ನಿಜವಾಗಿಯೂ ಆಸೆಯಿತ್ತು.

ಹಿಂದಿನ ಓಣಿಯ ಶಶಿಕಲಾ ಸಿರಾಮಿಕ್ ಕೆಲಸ ಕಲಿತು ಬಂದವಳು. ಪಡಸಾಲೆಯಲ್ಲಿ ಕರೆಂಟಿನ ತಿಗರಿ ಇಟ್ಟುಕೊಂಡು ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಕಲಿಸುತ್ತಾಳೆ. ತಿರುಗುವ ಚಕ್ರದ ನಡುವೆ ಮಣ್ಣಿನ ಮುದ್ದೆ ಕಂಡದ್ದೇ ತಡ, ನನ್ನ ಕೈಗಳಿಗೆ ಜೋಳದ ಹಿಟ್ಟು ನೆನಪಾಯಿತು. ಒಂದು ಕೈ ಬಡಿಯತೊಡಗಿತು, ಇನ್ನೊಂದು ಅಂಚು ಹಿಡಿದು ತಿರುಗಿಸತೊಡಗಿತು. “ಅಕ್ಕಾರ, ತಿಗರಿ ತಾನ ತಿರುಗ್ತೈತ್ರಿ, ನೀವ್ಯಾಕ ತಿರುಗಸ್ತೀರಿ? ಕೈ ಒಂದ ಕಡಿ ಗಟ್ಟಿ ಇಡ್ರಿ” ಎಂದು ಅವಳು ಕೂಗಿದಳು. ಇಷ್ಟು ವರ್ಷ ರೊಟ್ಟಿ ಬಡಿದ ಕೈ ಸುಮ್ಮನಿರೆಂದರೆ ಇರುತ್ತದೆಯೇ? ಮುದ್ದೆ ಅಗಲವಾಗುತ್ತಾ ಹೋಯಿತು. ಸಾಲದ್ದಕ್ಕೆ ಅದೇ ಹೊತ್ತಿಗೆ ಕರೆಂಟು ಹೋಗಿ ತಿಗರಿ ನಿಂತಿತು. ಕರೆಂಟು ಕೂಡ ನನ್ನ ಗಂಡನ ಕಡೆಯದೇ ಎಂದು ನನಗೆ ಆಗ ಖಾತ್ರಿಯಾಯಿತು. “ಇದು ರೊಟ್ಟಿ ಆತ್ರಿ ಅಕ್ಕಾರ, ಮುದ್ದಿ ಮಾಡಿ ಮತ್ತ ಹಚ್ಚೋಣ್ರಿ” ಎಂದಳು ಶಶಿಕಲಾ. “ಮುದ್ದಿಗಿದ್ದಿ ಬ್ಯಾಡವ್ವ. ಕರಗಿದ ಮೇಣ ಬೀಳಾಕ ತಾಟು ಬೇಕಲ್ಲ? ಇದ ತಾಟು!” ಎಂದೆ. ಕರೆಂಟು ಬಂದ ಮೇಲೆ ಕ್ಯಾಂಡಲ್ ನಿಲ್ಲಿಸಲು ಒಂದು ಪುಟ್ಟ ಬಟ್ಟಲನ್ನು ಬೇರೆಯಾಗಿ ಎಬ್ಬಿಸಿ ಅದರ ನಡುವೆ ಅಂಟಿಸಿದೆವು.

ನೀಲಿ ಮೆರುಗು ಬಳಿಸಿಕೊಂಡು, ಭಟ್ಟಿಯಲ್ಲಿ ಬೆಂದು ಅದು ಹೊಳೆಯುತ್ತಾ ಬಂತು. ಆದರೆ ಕ್ಯಾಂಡಲ್ ಬಟ್ಟಲೊಳಗೆ ಇಳಿಯಲೊಲ್ಲದು. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ ಎಂದು ಶಶಿಕಲಾ ಮೊದಲೇ ಹೇಳಿದ್ದಳಂತೆ. ಸೋಲುವವಳೇ ನಾನು? ಸೌತೆಕಾಯಿ ಹೆರೆದ ಹಾಗೆ ಕ್ಯಾಂಡಲನ್ನೇ ಚಾಕುವಿನಿಂದ ಹೆರೆದು ಕೂರಿಸಿದೆ. “ರೊಟ್ಟಿ ಮ್ಯಾಲ ಬೆಣ್ಣಿ ಬಟ್ಟಲ ಇಟ್ಟಂಗೈತಿ” ಎಂದರು ಅತ್ತೆ. ನಾನದನ್ನು ಟಿ.ವಿ. ಪಕ್ಕದಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಇಟ್ಟೆ. ಇವರು ಅದನ್ನೊಮ್ಮೆ ನೋಡಿ ಅಂಗಡಿಗೆ ಹೊರಟರು. ಮರುದಿನ ಇನ್ವರ್ಟರ್ ತಂದು, ಹಜಾರದಲ್ಲಿ ಗೋಡೆ ಕೊರೆದು ಬೋಲ್ಟು ಬಿಗಿಸಿಯೇಬಿಟ್ಟರು. ಇಷ್ಟು ವರ್ಷದ ನನ್ನ ಗೋಗರೆತಕ್ಕೆ ಆಗದ್ದು ಒಂದು ಹಿಡಿ ಮಣ್ಣಿಗೆ ಆಗಿತ್ತು.

ಗೆದ್ದೆನೆಂದು ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಸೋತಿದ್ದೇನೆ. ಊರಲ್ಲಿ ಕರೆಂಟು ಹೋದರೂ ನಮ್ಮ ಮನೆಯ ಲೈಟು ಕಣ್ಣು ಮಿಟುಕಿಸುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಹೆರೆದ ಕ್ಯಾಂಡಲ್ ಬತ್ತಿ ಕೂಡ ಕಪ್ಪಾಗದೆ ನಿಂತಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ನೋಡಿದರೆ, ಕ್ಯಾಂಡಲ್ ಕಿತ್ತು ಬದಿಗಿಟ್ಟು, ಬಟ್ಟಲಲ್ಲಿ ಇವರು ಅಡಿಕೆ ಚೂರು ತುಂಬಿದ್ದಾರೆ! ಅಡಿಕೆ ಕೊಡವಿದೆ, ಕ್ಯಾಂಡಲ್ ನೆಟ್ಟೆ, ಸೀದಾ ಹೋಗಿ ಸ್ಟೂಲು ಹತ್ತಿ ಮೊದಲು ಇನ್ವರ್ಟರಿನ ಗುಂಡಿ, ಆಮೇಲೆ ಮೇನ್ ಸ್ವಿಚ್ಚು ಎರಡನ್ನೂ ಆರಿಸಿದೆ.

ಕ್ಯಾಂಡಲ್ ಬೆಳಕಿನಲ್ಲಿ ನನ್ನ ನೀಲಿ ರೊಟ್ಟಿ ಎಷ್ಟು ಚಂದ ಹೊಳೆಯಿತೆಂದರೆ, ತಾಟಿಗೆ ಬಡಿಸುವುದನ್ನೇ ಮರೆತು ನೋಡುತ್ತಾ ನಿಂತೆ. ಆಚೆ ಇವರು ಸ್ಟೂಲು ಹತ್ತಿ, “ಹೊಸಾ ಮಾಲು, ಏನಾತಿದಕ್ಕ?” ಎಂದು ಇನ್ವರ್ಟರನ್ನು ತಟ್ಟುತ್ತಿದ್ದರು. “ಕರೆಂಟು ಯಾವಾಗ ಬರ್ತೈತವ್ವ?” ಎಂದು ಕೇಳಿದರು ಅತ್ತೆ.

ಲೈನ್‌ಮನ್‌ಗಳಿಗೆ ಇಷ್ಟು ವರ್ಷ ಹಿಡಿಶಾಪ ಹಾಕಿದ ನಾನು, ನಿಧಾನವಾಗಿ ರೊಟ್ಟಿ ಬಡಿಸುತ್ತಾ ಹೇಳಿದೆ: “ಎಲ್ಲಾರದೂ ಉಣ್ಣಾದು ಆದ ಮ್ಯಾಲ ಬರ್ತೈತ್ರಿ ಅತ್ತಿ.”