ಹೋಗದ ಕಲೆ

ನಮ್ಮಣ್ಣನಂಥ ಚಿತ್ರಗಾರ ಬಳ್ಳಾರಿ ಸೀಮೆಯಲ್ಲೇ ಇನ್ನೊಬ್ಬನಿರಲಿಲ್ಲ. ಯಾಕೆಂದರೆ ಅವನು ಬರೆದದ್ದು ಏನು ಅಂತ ಹೇಳಬಲ್ಲವರು ಈ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಅವನೂ ಸೇರಿ!

ಎಪ್ಪತ್ತರ ದಶಕದಲ್ಲಿ ಅವನು ಕುರುಗೋಡಿನಲ್ಲಿ ಡ್ರಾಯಿಂಗ್ ಮಾಸ್ತರ. ಶಾಲೆಯಲ್ಲಿ ಮಕ್ಕಳ ಕೈಲಿ ಹೂಜಿ, ಮಾವಿನಕಾಯಿ ಬರೆಸುತ್ತಿದ್ದ. ಮನೆಗೆ ಬಂದು ತಾನೂ ಅದನ್ನೇ ಬರೆದು ಹರಿದು ಹಾಕುತ್ತಿದ್ದ. ಅವನ ದಾರಿ ತಪ್ಪಿಸಿದ್ದು ಒಂದು ಬಕೆಟ್ಟು. ಹೊಸದಾಗಿ ಬಂದ ಅತ್ತಿಗೆ ತನ್ನ ಮದುವೆಯ ಕೆಂಪು ಸೀರೆಯನ್ನೂ ಅಣ್ಣನ ಬಿಳಿ ಅಂಗಿಯನ್ನೂ ಅದರಲ್ಲಿ ಒಟ್ಟಿಗೆ ನೆನೆಹಾಕಿದಳು. ಅಂಗಿಯ ಬೆನ್ನ ತುಂಬ ಕೆಂಪು ಮೋಡ!

"ಕಲಿ ಆತಲ್ಲವಾ! ಏಳು ಹೊಳ್ಯಾಗ ಒಗದ್ರೂ ಇನ್ನ ಹೋಗಂಗಿಲ್ಲ!" ಅಂತ ಅವ್ವ ಬೈದಳು. ಅತ್ತಿಗೆ ಮುಸುಮುಸು ಅಳತೊಡಗಿದಳು.

ಅಣ್ಣ ಅಂಗಿಯನ್ನು ಬಿಸಿಲಿಗೆ ಹಿಡಿದ. "ಯವ್ವಾ, ನಾ ಇಷ್ಟು ದಿನ ಹುಡುಕಾಕ ಹತ್ತಿದ್ದು ಇದನ್ನಾ. ಕಲಿ ಅಂದ್ರ ಇದು!"

ಬಟ್ಟೆಗೆ ಆಗುವುದೂ ಕಲೆ, ಗೋಡೆಗೆ ತೂಗುವುದೂ ಕಲೆ. ನಮ್ಮವರ ಬಾಯಲ್ಲಿ ಎರಡೂ ಕಲಿ. ಅವ್ವನಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? "ನನ್ನ ಮಗ ಕಲಿ ಮಾಡ್ತಾನ. ತಿಕ್ಕಿ ತೊಳಿಯೋಳು ನಾನು!" ಅನ್ನುತ್ತಿದ್ದಳು. ಅಣ್ಣ ಆ ಅಂಗಿ ತೊಟ್ಟೇ ಶಾಲೆಗೆ ಹೊರಟ. ಮರುವಾರ ಅಂಗಿ ಮಾಯ! ಅವ್ವ ಒಲೆ ಒರೆಸಲು ಹರಿದಿರಬೇಕು ಅಂದುಕೊಂಡೆವು.

ಚೊಚ್ಚಲ ಹೆರಿಗೆಗೆ ಕೆಂಚನಗುಡ್ಡದ ತವರಿಗೆ ಹೋದ ಅತ್ತಿಗೆ ತಿರುಗಿ ಬರಲಿಲ್ಲ. ಕೂಸೂ ಉಳಿಯಲಿಲ್ಲ.

ಅಣ್ಣ ಅಳಲಿಲ್ಲ, ಹಾಳೆ ತೋಯಿಸಿದ. ಬೂದಿ ಬಣ್ಣ, ಮಸಿ ಬಣ್ಣ, ಮೂಲೆಯಲ್ಲಿ ಮಾತ್ರ ತುಸು ಕೆಂಪು. ಆ ಕೆಂಪು ಅಂಗಡಿಯದಲ್ಲ. ಮದುವೆ ಸೀರೆಯ ಸೆರಗನ್ನು ಬಟ್ಟಲಲ್ಲಿ ಅದ್ದಿ, ಅದು ಬಿಟ್ಟ ನೀರಲ್ಲಿ ಕುಂಚ ಆಡಿಸುತ್ತಿದ್ದ.

"ಸತ್ತಾಕಿ ಸೀರಿ ಎಷ್ಟು ಸಲ ತೋಯಿಸ್ತಿಯಲೇ?"

"ಇನ್ನಾ ಬಣ್ಣ ಬಿಡಾಕ ಹತ್ತೈತವ್ವಾ."

"ಸೀರಿ ಬಿಡಾಕ ಹತ್ತೈತಿ, ನೀನಾ ಬಿಡವಲ್ಲಿ!"

ಸಿರುಗುಪ್ಪದಲ್ಲಿ ಅವನ ಚಿತ್ರಗಳ ಪ್ರದರ್ಶನವಾಯಿತು. ಒಂದನ್ನು ತಲೆಕೆಳಗಾಗಿ ತೂಗಿದ್ದರು. ಮಧ್ಯಾಹ್ನದವರೆಗೆ ಅಣ್ಣನಿಗೇ ಗೊತ್ತಾಗಲಿಲ್ಲ! ರಾರಾವಿಯ ರೈತನೊಬ್ಬ ಅದರ ಮುಂದೆ ನಿಂತು ಗಾಬರಿಯಾದ. "ಮಾಸ್ತರ, ಇದಾ ರೋಗ ನೋಡ್ರಿ ನಮ್ಮ ಭತ್ತಕ್ಕ ಬಂದಿದ್ದು! ಏನ್ ಹೊಡೀಬೇಕ್ರಿ ಇದಕ್ಕ?"

"ನನಗೂ ಬಂದೈತಿ," ಅಂದ ಅಣ್ಣ. "ಔಷಧ ಸಿಕ್ಕರ ನನಗೂ ಹೇಳ್ರಿ."

ವರ್ಷ ಕಳೆದಂತೆ ಸೀರೆ ಬಿಡುವ ಕೆಂಪು ಗುಲಾಬಿಯಾಯಿತು, ಗುಲಾಬಿ ಮಬ್ಬಾಯಿತು. ಅಣ್ಣ ಹೆದರಿ ಚಿತ್ರ ಬರೆಯುವುದನ್ನೇ ಕಡಿಮೆ ಮಾಡಿದ.

"ಬಳ್ಳಾರಿ ಅಂಗಡ್ಯಾಗ ಕೆಂಪು ಬಣ್ಣ ಸಿಗಂಗಿಲ್ಲೇನಣ್ಣ?" ಅಂತ ಕೆಣಕಿದೆ.

"ಸಿಗತೈತವಾ. ಅದು ಬರೀ ಕೆಂಪು."

ನಾನು ತವರಿಗೆ ಬಂದಿದ್ದ ಒಂದು ದಿನ ಅವನು ಸೆರಗು ಅದ್ದಿದ. ಹಿಂಡಿದ. ಮತ್ತೆ ಅದ್ದಿದ. ಬಟ್ಟಲಿನ ನೀರು ನೀರಾಗಿಯೇ ಉಳಿಯಿತು. ಅಣ್ಣ ಕುಂಚ ಕೆಳಗಿಟ್ಟ. ಊಟಕ್ಕೂ ಏಳಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದಾಯಿತು. ಹೊರಗೆ ಬಂದು ಅವನ ತೊಡೆಯ ಮೇಲೆ ಒಂದು ಬಿಳಿ ಅಂಗಿ ಹಾಸಿದಳು. ಅಂಗಿಯ ಬೆನ್ನ ತುಂಬ ಅದೇ ಕೆಂಪು ಮೋಡ.

"ನಾ ಅವತ್ತಾ ಹೇಳಿದ್ದಿಲ್ಲೇನಲೇ," ಅಂದಳು ಅವ್ವ, ಬೈಯುವ ದನಿಯಲ್ಲೇ. "ಇದು ಹೋಗಂಗಿಲ್ಲ ಅಂತ?"