ರಹೀಮಬಿಯ ಕೌದಿಗೆ ಸಿಕ್ಕ ಮಂಜೂರಾತಿ

ರಾಮದುರ್ಗದಲ್ಲಿ ೨೦೦೯ರ ಜೂನ್ ಒಂದನೆಯ ತಾರೀಖಿನಿಂದ ಗ್ರಾಹಕರು ಅಂಗಡಿಯವರನ್ನು ನೇರವಾಗಿ ಮಾತನಾಡಿಸುವುದನ್ನು ನಿಲ್ಲಿಸಲಾಯಿತು. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲವೆಂದು ಗ್ರಾಹಕ ಸಂಪರ್ಕ ಸುಧಾರಣಾ ಸಮಿತಿಯ ದಫ್ತರದಲ್ಲಿ ಮೇ ತಿಂಗಳಲ್ಲೇ ನಮೂದಾಗಿತ್ತು.

ಸಮಿತಿಯ ಕಾರ್ಯದರ್ಶಿ ಬಸಯ್ಯನವರು ಹೈದರಾಬಾದಿಗೆ ಮೂರು ದಿನದ ತರಬೇತಿಗೆ ಹೋಗಿದ್ದರು. ಮೊದಲ ದಿನ ಉದ್ಘಾಟನೆ, ಎರಡನೆಯ ದಿನ ಚಾರ್‌ಮಿನಾರ್, ಮೂರನೆಯ ದಿನ ಪ್ರಮಾಣಪತ್ರ. ಇವುಗಳ ನಡುವೆ ಚಹಾದ ಹೊತ್ತಿನಲ್ಲಿ ಅವರಿಗೆ ಕ್ಯೂಆರ್ ಕೋಡಿನ ಪರಿಚಯವಾಯಿತು. ಅಂಗಡಿಯ ಮುಂದೆ ಕಪ್ಪು-ಬಿಳಿ ಚೌಕಗಳ ಫಲಕ ಹಾಕುವುದು. ಗ್ರಾಹಕ ಅದಕ್ಕೆ ಮೊಬೈಲ್ ಹಿಡಿದರೆ ಅಂಗಡಿಯ ಫೋನ್ ನಂಬರ್ ಬರುವುದು. ಊರಿಗೆ ಮರಳಿದ ಬಸಯ್ಯನವರು ನಿಯಮ ಬರೆದರು: ಕೋಡಿನ ಮೂಲಕ ಸಂಪರ್ಕವಾಗದ ಹೊರತು ಮಾಲು ಕೊಡತಕ್ಕದ್ದಲ್ಲ, ತೆಗೆದುಕೊಳ್ಳತಕ್ಕದ್ದೂ ಅಲ್ಲ.

ಕೋಡ್ ಓದುವ ಮೊಬೈಲ್ ಊರಿನಲ್ಲಿ ಒಂದೇ ಇತ್ತು, ಬಸಯ್ಯನವರದು. ಆದ್ದರಿಂದ ಪೇಟೆಯ ವ್ಯಾಪಾರವನ್ನು ಅವರ ಬಿಡುವಿಗೆ ಹೊಂದಿಸಿ ಹನ್ನೊಂದರಿಂದ ಒಂದು ಗಂಟೆಯವರೆಗೆ ಇಡಲಾಯಿತು.

ಫಲಕಗಳನ್ನು ಅಚ್ಚು ಹಾಕುವ ಅರ್ಹತೆ ಇಡೀ ಸೀಮೆಯಲ್ಲಿ ಬೈಲಹೊಂಗಲದ ದುಂಡಪ್ಪನ ಪ್ರೆಸ್ಸಿಗೆ ಮಾತ್ರ ಇದೆಯೆಂದು ಸಮಿತಿ ಕಂಡುಕೊಂಡಿತು. ದುಂಡಪ್ಪ ಬಸಯ್ಯನವರ ಹೆಂಡತಿಯ ತಮ್ಮನಾಗಿದ್ದುದು ಬೇರೆ ವಿಷಯ. ಆತ ಒಂದೇ ಅಚ್ಚು ಮಾಡಿಸಿ ಎಲ್ಲ ಅಂಗಡಿಗಳಿಗೂ ಅದನ್ನೇ ಒತ್ತಿ ಕಳಿಸಿದ. ಹೀಗಾಗಿ ಯಾವ ಅಂಗಡಿಗೆ ಮೊಬೈಲ್ ಹಿಡಿದರೂ ದುಂಡಪ್ಪನ ಪ್ರೆಸ್ಸಿನ ನಂಬರೇ ಬರುತ್ತಿತ್ತು. ಏಕರೂಪತೆ ಸಾಧಿಸಿದ್ದಕ್ಕಾಗಿ ಸಮಿತಿ ಆತನನ್ನು ಅಭಿನಂದಿಸಿತು.

ಮೊದಲ ದಿನ ಸುರೇಬಾನದ ಮಡಿವಾಳೆಪ್ಪ ಎಂಬ ರೈತ ಮೆಹಬೂಬಸಾಬನ ಸೈಕಲ್ ಅಂಗಡಿಗೆ ಪಂಕ್ಚರ್ ತಿದ್ದಿಸಲು ಬಂದ. ಬಸಯ್ಯನವರು ಫಲಕಕ್ಕೆ ಮೊಬೈಲ್ ಹಿಡಿದು, ಬಂದ ನಂಬರಿಗೆ ಫೋನ್ ಹಚ್ಚಿಕೊಟ್ಟರು.

"ಹಲೋ, ಲಗ್ನಪತ್ರ ಏನ್ರಿ?" ಎಂದ ದುಂಡಪ್ಪ.

"ಇಲ್ರಿ, ಪಂಕ್ಚರ್."

"ಯಾವೂರಿಂದ ಮಾತಾಡಾಕತ್ತೀರಿ?"

"ರಾಮದುರ್ಗದಿಂದರಿ."

"ಅಲ್ಲೇ ಮೆಹಬೂಬಸಾಬ ಅಂತ ಅದಾನ. ಅವನ ಕಡೆ ಹೋಗ್ರಿ."

"ಅವರ ಮುಂದ ನಿಂತೇನ್ರಿ."

"ಮತ್ತ ಸಂಪರ್ಕ ಆತಲ್ಲ!" ಎಂದು ದುಂಡಪ್ಪ ಫೋನಿಟ್ಟ. ಪಂಕ್ಚರ್ ತೆಗೆಯಲಾಯಿತು.

ಸೈಕಲ್ ಅಂಗಡಿಯ ಪಕ್ಕದಲ್ಲಿ ರಹೀಮಬಿ ಮೂವತ್ತು ವರ್ಷದಿಂದ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಬಸಯ್ಯನವರು ಕೋಡಿನ ಅರ್ಜಿ ತುಂಬಿಸಲು ಅವಳಲ್ಲಿಗೂ ಹೋದರು.

"ಫೋನ್ ನಂಬರ್ ಹೇಳ್ರಿ."

"ಫೋನ್ ಇಲ್ರಿ ಸಾಹೇಬ್ರ."

"ಹಂಗಾದ್ರ ಗಿರಾಕಿ ನಿಮ್ಮನ್ನ ಹೆಂಗ ಸಂಪರ್ಕ ಮಾಡತಾರ?"

"ಬಂದು ಕುಂದರತಾರ್ರಿ. ನಾನೂ ಇಲ್ಲೇ ಕುಂತಿರತೇನಿ."

ಬಸಯ್ಯನವರು 'ಸಂಪರ್ಕ ವ್ಯವಸ್ಥೆ: ಶೂನ್ಯ' ಎಂದು ಬರೆದುಕೊಂಡರು. ಮರುದಿನವೇ ಅದೇ ಮಾತಿರುವ ನೋಟಿಸ್ ಬಂತು. ಫೋನ್ ಇಲ್ಲದವರಿಗೆ ಕೋಡ್ ಕೊಡಲು ಬರುವುದಿಲ್ಲ. ಕೋಡ್ ಇಲ್ಲದವರು ಗುರುವಾರದೊಳಗೆ ಅಂಗಡಿ ಮುಚ್ಚತಕ್ಕದ್ದು.

ಮೆಹಬೂಬಸಾಬ ನೋಟಿಸನ್ನು ಓದಿ ಹೇಳಿದ. ಅಂಗಡಿ ಮುಚ್ಚಬೇಕು ಎಂಬ ಸಾಲಿಗೂ ರಹೀಮಬಿ ಹೊಲಿಯುತ್ತಲೇ ಇದ್ದಳು. 'ಶೂನ್ಯ' ಎಂಬ ಮಾತು ಬಂದಾಗ ಕೈಯಲ್ಲಿದ್ದ ಸೂಜಿ ನಿಂತಿತು.

"ಈ ಊರಾಗ ಅರ್ಧ ಮಂದಿ ನನ್ನ ಕೌದಿ ತೋಯಿಸಿ ದೊಡ್ಡವರಾಗ್ಯಾರ. ನಾ ಶೂನ್ಯ ಏನು?"

ಅದೇ ಹೊತ್ತಿಗೆ ಕಟಕೋಳದಿಂದ ಸೋಮವ್ವ ಬಂದಳು. ಶುಕ್ರವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ತೊಟ್ಟಿಲ ಕೌದಿ ಸಿದ್ಧವಾಗಿ ಮಡಚಿ ಇಟ್ಟಿತ್ತು. ತಾಸು ಹರಟಿದ ಮೇಲೆ ಅವಳು ಅದಕ್ಕೆ ಕೈ ಚಾಚಿದಳು. ಮೊಬೈಲ್ ಹಿಡಿದು ಪೇಟೆ ಸುತ್ತುತ್ತಿದ್ದ ಬಸಯ್ಯನವರು ನಡುವೆ ಬಂದು ನಿಂತರು.

"ಸಂಪರ್ಕ ಆಗಿಲ್ಲ."

"ಯಪ್ಪಾ, ನಾನೂ ಇಕೀನೂ ಮಾತಾಡಾಕ ಹತ್ತಿ ತಾಸಾತು!"

"ಅದು ಮಾತು. ಸಂಪರ್ಕ ಬ್ಯಾರೆ."

ಸೋಮವ್ವ ಬರಿಗೈಯಲ್ಲಿ ಬಸ್ಸು ಹತ್ತಿದಳು. ರಹೀಮಬಿ ತನ್ನ ಹಳೆಯ ಬುರ್ಖಾ ಮತ್ತು ಒಂದು ಹರಿದ ಧೋತರ ತೆಗೆದಳು. ಮೆಹಬೂಬಸಾಬನ ಫಲಕದ ಮುಂದೆ ಕುಳಿತು, ಚೌಕಕ್ಕೆ ಚೌಕ ನೋಡಿ ಕತ್ತರಿಸಿ ಮೂರು ದಿನ ಹೊಲಿದಳು. ಕಪ್ಪು ಬಟ್ಟೆ ಸಾಲದ ಮೂಲೆಗೆ ಇಳಕಲ್ ಸೀರೆಯ ಕೆಂಪು ಸೆರಗು ಹಚ್ಚಿದಳು. ಗುರುವಾರ ಬೆಳಿಗ್ಗೆ ಬಾಗಿಲ ಮೇಲೆ ಆಳುದ್ದದ ಕೌದಿ ತೂಗುತ್ತಿತ್ತು.

ಬೀಗ ಹಿಡಿದು ಬಂದ ಬಸಯ್ಯನವರು ಕೌದಿಗೆ ಮೊಬೈಲ್ ಹಿಡಿದರು. ಏನೂ ಬರಲಿಲ್ಲ. ಹಿಂದೆ ಸರಿದು ಹಿಡಿದರು. ಕಟ್ಟೆ ಹತ್ತಿ ಹಿಡಿದರು.

"ನಂಬರ್ ಬರವಲ್ದು."

"ಹೆಂಗ ಬರತೈತ್ರಿ? ನನಗ ಫೋನೇ ಇಲ್ಲಲ್ಲ," ಎಂದಳು ರಹೀಮಬಿ. "ಫೋನಿಲ್ಲದಾಕಿ ಕೋಡಿನಾಗ ನಂಬರ್ ಬಂದಿದ್ರ ಅದು ಸುಳ್ಳ ಕೋಡ್ ಆಗತಿತ್ರಿ. ಇದು ಬರೋಬರಿ ಐತಿ."

ಬಸಯ್ಯನವರು ನಿಯಮಾವಳಿ ತಿರುವಿ ಹಾಕಿದರು. ಕೋಡು ಅಂಗಡಿಯವರ ಬಗ್ಗೆ ನಿಜವನ್ನೇ ಹೇಳಬೇಕೆಂದು ಅದರಲ್ಲಿತ್ತು. ಇಡೀ ಪೇಟೆಯಲ್ಲಿ ನಿಜ ಹೇಳುತ್ತಿದ್ದ ಕೋಡು ಇದೊಂದೇ ಎಂಬುದು ಅವರ ಗಮನಕ್ಕೆ ಬಂದಿತು. ಬೀಗವನ್ನು ಕಿಸೆಗೆ ಹಾಕಿ 'ಮಂಜೂರು' ಎಂದು ಬರೆದು ಸಹಿ ಮಾಡಿದರು. ಶುಕ್ರವಾರ ನಸುಕಿನ ಬಸ್ಸಿಗೆ ರಹೀಮಬಿ ತಾನೇ ಕಟಕೋಳಕ್ಕೆ ಹೋಗಿ ತೊಟ್ಟಿಲ ಕೌದಿಯನ್ನು ಸೋಮವ್ವನ ಉಡಿಗೆ ಹಾಕಿ ಬಂದಳು.

ಸುದ್ದಿ ಹಬ್ಬಿತು. ಗಿರಾಕಿಗಳು ದುಂಡಪ್ಪನ ಜೊತೆ ಮಾತಾಡಿ ಮುಗಿಸುವುದನ್ನು ಕಾದು ಸಾಕಾಗಿದ್ದ ಮೆಹಬೂಬಸಾಬ ತನಗೂ ಫೋನ್ ಇಲ್ಲವೆಂದು ಅರ್ಜಿ ಕೊಟ್ಟ. ಅರ್ಜಿ ಬರೆಯುವಾಗ ಕಿಸೆಯಲ್ಲಿ ಫೋನ್ ರಿಂಗಾಗುತ್ತಿತ್ತು. ಅದು ದಾಖಲೆಗೆ ಬರಲಿಲ್ಲ. ತಿಂಗಳೊಳಗೆ ಇಡೀ ಪೇಟೆ ಫೋನಿಲ್ಲದ್ದಾಗಿ, ಬಾಗಿಲು ಬಾಗಿಲಿಗೂ ಕೌದಿ ಬಂತು. ಕೈ ಸಾಲದೆ ರಹೀಮಬಿ ನಾಲ್ವರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಳು. ಸಂಪರ್ಕ ನೂರಕ್ಕೆ ನೂರು ಸಾಧಿಸಲಾಗಿದೆ, ಫೋನಿನಲ್ಲಿ ಒಂದೂ ದೂರು ಬಂದಿಲ್ಲ ಎಂದು ಸಮಿತಿ ವರದಿ ಕಳಿಸಿತು.

ಈಗ ಗ್ರಾಹಕರು ಅಂಗಡಿಗೆ ಬಂದರೆ ಮೊದಲು ಕೌದಿಗೆ ಮೊಬೈಲ್ ಹಿಡಿಯುತ್ತಾರೆ. ಮೊಬೈಲ್ ಇಲ್ಲದವರು ಅಂಗೈ ಹಿಡಿಯುತ್ತಾರೆ. ಏನೂ ಬರುವುದಿಲ್ಲ. ಅದನ್ನು ಗ್ರಾಹಕ, ಅಂಗಡಿಯವ ಇಬ್ಬರೂ ಖಾತ್ರಿ ಮಾಡಿಕೊಂಡ ಮೇಲೆ ವ್ಯಾಪಾರ ಆರಂಭವಾಗುತ್ತದೆ. ಮೊನ್ನೆ ಸಮಿತಿಯ ಕಚೇರಿಗೊಂದು ಕೌದಿ ಬೇಕೆಂದು ಬಸಯ್ಯನವರೇ ರಹೀಮಬಿಯ ಅಂಗಡಿಗೆ ಬಂದಿದ್ದರು. ಮೊಬೈಲ್ ಮನೆಯಲ್ಲಿ ಬಿಟ್ಟಿದ್ದರು. ಅಂಗೈ ಎತ್ತಿ ಎರಡು ನಿಮಿಷ ನಿಂತರು.

"ಆತೇನ್ರಿ?" ಎಂದು ಕೇಳಿದರು.

"ಇನ್ನೂ ಸ್ವಲ್ಪ ಮ್ಯಾಲೆ ಹಿಡೀರಿ," ಎಂದಳು ರಹೀಮಬಿ.